ಮೊದಲು ಕಪ್ಪೆ ಆಗಲಿ, ಆಮೇಲೆ ಕಪ್ಪೆ ಮಾಡಲಿ

3 ರಿಂದ 5 ವರ್ಷದ ಮಕ್ಕಳಿಗೆ ಪಾಠ ಮಾಡೋದು ನನ್ನ ಕೆಲಸ. ಕಪ್ಪೆ ವಿಷಯ ಬಂತು ಅಂದ್ರೆ ಟೀಚರ್‌ಗಳೂ ಅಪ್ಪ ಅಮ್ಮಂದಿರೂ ನನ್ನ ಹತ್ರ ಮೊದಲು ಕೇಳೋದು, ಯಾವ ಕ್ರಾಫ್ಟ್ ಮಾಡಿಸ್ಲಿ ಮೇಡಂ ಅಂತ. ಸಾಮಾನ್ಯವಾಗಿ ನಡೆಯೋದು ಏನಂದ್ರೆ, ಟೀಚರ್ ಹಿಂದಿನ ದಿನ ರಾತ್ರಿ ಕೂತು 20 ಪೇಪರ್ ಪ್ಲೇಟ್‌ಗೆ ಹಸಿರು ಬಳಿದು, 40 ಕಣ್ಣು ಕತ್ತರಿಸಿ, 20 ಕೆಂಪು ನಾಲಿಗೆ ರೆಡಿ ಮಾಡಿ ಇಟ್ಟಿರ್ತಾರೆ, ಮಗು ಬಂದು ಗಮ್ ಹಚ್ಚಿ ತೋರಿಸಿದ ಜಾಗಕ್ಕೆ ಅಂಟಿಸುತ್ತೆ, ಸಂಜೆ ಹೊತ್ತಿಗೆ ಗೋಡೆ ಮೇಲೆ ಒಂದೇ ಅಚ್ಚಲ್ಲಿ ಒತ್ತಿದ ಹಾಗೆ 20 ಕಪ್ಪೆ. ನೋಡೋಕೆ ಚೆಂದ, ಇಲ್ಲ ಅನ್ನಲ್ಲ. ಆದ್ರೆ ಅದು ಟೀಚರ್ ಮಾಡಿದ ಕಪ್ಪೆ, ಮಗು ಮಾಡಿದ್ದಲ್ಲ.

ನಾನು ಪೇಪರನ್ನ ಮೊದಲ ದಿನ ಮುಟ್ಟೋದೇ ಇಲ್ಲ. ಮೊದಲು ಮೈಯಲ್ಲಿ ಕಪ್ಪೆ ಬರಬೇಕು. ಎಲ್ಲರೂ ಕುಕ್ಕರಗಾಲಲ್ಲಿ ಕೂತ್ಕೊಳ್ಳೋದು, ಮಂಡಿ ಹೊರಗಡೆ, ಎರಡೂ ಅಂಗೈ ಕಾಲಿನ ಮಧ್ಯೆ ನೆಲದ ಮೇಲೆ, ತಲೆ ಎತ್ತಿ ನೋಡೋದು. ಹಾಗೇ ಸ್ವಲ್ಪ ಹೊತ್ತು ಇರಿ ಅಂತೀನಿ. ಆಗ ಮಕ್ಕಳೇ ಹೇಳ್ತಾರೆ, ಮಿಸ್ ಕಾಲು ಬಿಗಿ ಆಗ್ತಿದೆ, ಹಾರ್ಬೇಕು ಅನ್ಸುತ್ತೆ ಅಂತ. ಅಷ್ಟೇ ಬೇಕಾಗಿದ್ದು ನನಗೆ! ಕಪ್ಪೆಯ ಹಿಂಗಾಲು ಯಾಕೆ ಅಷ್ಟು ಉದ್ದ, ಯಾಕೆ ಯಾವಾಗ್ಲೂ ಮಡಚಿಕೊಂಡೇ ಕೂರುತ್ತೆ ಅನ್ನೋದನ್ನ ಬೋರ್ಡ್ ಮೇಲೆ ಚಿತ್ರ ಬರೆದು ವಿವರಿಸೋ ಅಗತ್ಯ ಆಮೇಲೆ ಇರಲ್ಲ, ಅವರ ತೊಡೆಗೇ ಗೊತ್ತಾಗಿರುತ್ತೆ.

ಎರಡೂ ಕಾಲು ಒಟ್ಟಿಗೆ ಎತ್ತಿ ಹಾರೋದು ಹೆಚ್ಚಿನ ಮಕ್ಕಳಿಗೆ 2 ರಿಂದ 3 ವರ್ಷದೊಳಗೆ ಬರುತ್ತೆ, ಒಂಟಿ ಕಾಲಲ್ಲಿ ಕುಂಟೋದು 4ರ ಹತ್ರ. ಹಾಗಾಗಿ ಮೂರು ವರ್ಷದ ಮಗೂಗೆ ಕಪ್ಪೆ ಜಿಗಿತ ಹೇಳಿ ಮಾಡಿಸಿದ ಹಾಗಿದೆ. ದೂರ ಹಾರಿಸೋ ಸ್ಪರ್ಧೆ ಮಾತ್ರ ನಾನು ಇಡಲ್ಲ. ಸದ್ದಿಲ್ಲದೆ ಇಳಿಯೋ ಕಪ್ಪೆ ಯಾರು ಅಂತ ಕೇಳ್ತೀನಿ, ಯಾಕಂದ್ರೆ ಸದ್ದಿಲ್ಲದೆ ಇಳೀಬೇಕು ಅಂದ್ರೆ ಮಂಡಿ ಬಗ್ಗಲೇಬೇಕು, ಮಂಡಿ ಬಗ್ಗಿದ್ರೆ ಪೆಟ್ಟಾಗೋದು ಕಮ್ಮಿ. ಹೆದರೋ ಮಗು ಇದ್ರೆ ಕೈ ನೆಲಕ್ಕೆ ಊರಿಕೊಂಡೇ ಹಾರಲಿ, ಅದೂ ಕಪ್ಪೇನೇ. ಇನ್ನೊಂದು ಮಾತು, ತಾವರೆ ಎಲೆ ಅಂತ ಚಾರ್ಟ್ ಪೇಪರ್ ಕತ್ತರಿಸಿ ನೆಲದ ಮೇಲೆ ಹಾಸ್ತಾರಲ್ಲ, ದಯವಿಟ್ಟು ಬೇಡ, ಕಾಲಿಟ್ಟ ತಕ್ಷಣ ಜಾರುತ್ತೆ. ಚಾಕ್‌ಪೀಸಲ್ಲಿ ದೊಡ್ಡ ಸುತ್ತು ಬರೀರಿ ಸಾಕು.

ಇದಕ್ಕೆ ಕೊಕ್ಕರೆ ಸೇರಿಸಿದ್ರೆ ಆಟ ಇನ್ನೂ ರಂಗೇರುತ್ತೆ. ಎಲ್ಲಾ ಕಪ್ಪೆಗಳೂ ಕುಪ್ಪಳಿಸ್ತಾ ಇರ್ತಾವೆ, ನಾನು "ಕೊಕ್ಕರೆ ಬಂತು" ಅಂದ್ರೆ ಇದ್ದಲ್ಲೇ ಕಲ್ಲಿನ ಹಾಗೆ ಕೂರಬೇಕು. ಓಡೋ ಮೈಯನ್ನ ತಾನೇ ತಡೆದು ನಿಲ್ಲಿಸೋದು ಈ ವಯಸ್ಸಿಗೆ ಬಹಳ ಕಷ್ಟದ ಕೆಲಸ, "ಸುಮ್ನೆ ಕೂತ್ಕೋ" ಅಂತ ನೂರು ಸಲ ಹೇಳಿದ್ರೂ ಬರದೇ ಇರೋದು ಈ ಆಟದಲ್ಲಿ ಬರುತ್ತೆ. ಮೊದಮೊದಲು ಮೂರು ಎಣಿಸೋ ತನಕ, ಆಮೇಲೆ ನಿಧಾನಕ್ಕೆ ಹತ್ತರ ತನಕ.

ನನಗೆ ಎಲ್ಲಕ್ಕಿಂತ ಇಷ್ಟ ಕೂಗಿನ ಆಟ. ಕಪ್ಪೆಗಳಲ್ಲಿ ಜೋರಾಗಿ ವಟಗುಟ್ಟೋದು ಹೆಚ್ಚಾಗಿ ಗಂಡು, ಗಂಟಲ ಹತ್ರ ಇರೋ ಚೀಲ ಬಲೂನ್ ಹಾಗೆ ಊದಿಕೊಂಡು ಸದ್ದು ದೊಡ್ಡದಾಗುತ್ತೆ, ಒಂದೊಂದು ಜಾತಿಗೆ ಒಂದೊಂದು ಕೂಗು, ಅಷ್ಟು ಗಲಾಟೆ ಮಧ್ಯೆ ಹೆಣ್ಣು ತನ್ನ ಜಾತಿಯ ಕೂಗನ್ನ ಹುಡುಕ್ಕೊಂಡು ಹೋಗುತ್ತೆ. ಇದನ್ನೇ ಆಟ ಮಾಡಿ. ನಾಲ್ಕು ಮಕ್ಕಳು ನಾಲ್ಕು ಮೂಲೇಲಿ ನಿಂತು ಬೇರೆ ಬೇರೆ ಥರ ಕೂಗ್ಲಿ, ಒಬ್ಬರದು ವಟ ವಟ, ಇನ್ನೊಬ್ಬರದು ಟರ್ರ್, ಮತ್ತೊಬ್ಬರದು ಟಿಕ್ ಟಿಕ್, ಹಾಗೆ. ಒಂದು ಮಗು ಮಧ್ಯದಲ್ಲಿ ಕೂತು ಕಣ್ಣು ಮುಚ್ಕೊಂಡು, ತನಗೆ ಹೇಳಿದ ಕೂಗು ಯಾವ ಕಡೆಯಿಂದ ಬರ್ತಿದೆ ಅಂತ ಬೆರಳು ತೋರಿಸಬೇಕು. ಮುಂದೆ ಅಕ್ಷರದ ಸದ್ದು ಬೇರೆ ಬೇರೆ ಮಾಡಿ ಕೇಳಿಸಿಕೊಳ್ಳೋಕೆ ಬೇಕಾದ ಕಿವಿ ಇಂಥ ಆಟಗಳಲ್ಲೇ ಹದ ಆಗೋದು. ಗಲಾಟೆ ಅಂದ್ರೆ ಕಿವಿ ಮುಚ್ಚಿಕೊಳ್ಳೋ ಮಗು ಒಂದಾದ್ರೂ ಇರುತ್ತೆ, ಅದಕ್ಕೆ ಕೈ ಎತ್ತಿದ್ರೆ ಕೂಗು, ಇಳಿಸಿದ್ರೆ ನಿಶ್ಶಬ್ದ ಅನ್ನೋ ಯಜಮಾನಿಕೆ ಕೊಡ್ತೀನಿ. ಸದ್ದು ತನ್ನ ಕೈಲಿದೆ ಅಂತ ಗೊತ್ತಾದ್ಮೇಲೆ ಹೆದರಿಕೆ ಎಷ್ಟೋ ಇಳಿಯುತ್ತೆ.

ನಾಲಿಗೆ ವಿಷಯಕ್ಕೆ ಬರೋಣ. ನಮ್ಮ ನಾಲಿಗೆ ಬಾಯಿಯ ಹಿಂಭಾಗಕ್ಕೆ ಅಂಟಿಕೊಂಡಿದೆ, ಕಪ್ಪೇದು ಮುಂಭಾಗಕ್ಕೆ. ಹಾಗಾಗಿ ಅದು ಮಡಚಿದ ಚಾಪೆ ಬಿಡಿಸಿದ ಹಾಗೆ ಹೊರಗೆ ಬೀಳುತ್ತೆ, ಅಂಟು ಬೇರೆ ಇರುತ್ತೆ, ಹುಳ ತಪ್ಪಿಸಿಕೊಳ್ಳೋಕೆ ಆಗಲ್ಲ. ನುಂಗುವಾಗ ಕಪ್ಪೆಯ ಕಣ್ಣುಗುಡ್ಡೆ ಒಳಕ್ಕೆ ಇಳಿದು ಊಟವನ್ನ ಗಂಟಲಿಗೆ ತಳ್ಳೋಕೆ ಸಹಾಯ ಮಾಡುತ್ತೆ ಅಂತ ಹೇಳಿ ನೋಡಿ, ಆ ದಿನ ಊಟದ ಹೊತ್ತಲ್ಲಿ ಪ್ರತಿ ತುತ್ತಿಗೂ ಕಣ್ಣು ಗಟ್ಟಿಯಾಗಿ ಮುಚ್ಚಿ ನುಂಗೋರೇ ಎಲ್ಲಾ. ನಾಲಿಗೆಗೆ ನಾನು ಬಳಸೋದು ಬಟ್ಟೆ ಒಣಗಿಸೋ ಕ್ಲಿಪ್. ಪೇಪರ್ ಚೂರನ್ನ ಮಕ್ಕಳೇ ಉಂಡೆ ಮಾಡಿ ನೊಣ ಮಾಡ್ತಾರೆ, ಕ್ಲಿಪ್ಪಲ್ಲಿ ಹಿಡಿದು ಡಬ್ಬಿಗೆ ಹಾಕ್ತಾರೆ. ಇಲ್ಲಿ ಟೀಚರ್ ಕಣ್ಣು ಕೈ ಮೇಲೆ ಇರಬೇಕು. ಕೆಲವು ಮಕ್ಕಳು ಇಡೀ ಮುಷ್ಟೀಲಿ ಕ್ಲಿಪ್ ಹಿಂಡ್ತಾರೆ, ಆಗ ಉಂಗುರ ಬೆರಳು ಕಿರುಬೆರಳಿನ ಕೆಳಗೆ ಒಂದು ಸಣ್ಣ ಕರವಸ್ತ್ರದ ಮುದ್ದೆ ಹಿಡ್ಕೊಳ್ಳೋಕೆ ಕೊಡಿ, ಆ ಎರಡು ಬೆರಳು ಅಲ್ಲೇ ಬಿಜಿ, ಕ್ಲಿಪ್ ತನ್ನಷ್ಟಕ್ಕೆ ಹೆಬ್ಬೆರಳು ಮತ್ತೆ ಪಕ್ಕದ ಎರಡು ಬೆರಳಿಗೆ ಬರುತ್ತೆ. ಪೆನ್ಸಿಲ್ ಹಿಡಿಯೋ ಬೆರಳುಗಳೂ ಅವೇ. ಸ್ಪ್ರಿಂಗ್ ಬಿಗಿ ಇರೋ ಹೊಸ ಕ್ಲಿಪ್ ಬೇಡ, ಬಳಸಿ ಸಡಿಲ ಆಗಿರೋದು ಕೊಡಿ.

ಇಷ್ಟೆಲ್ಲಾ ಆದ್ಮೇಲೆ ಪೇಪರ್. ಮೂರು ವರ್ಷದವರಿಗೆ ಕತ್ತರಿಗಿಂತ ಮೊದಲು ಹರಿಯೋದು ಕೊಡಿ, ಎರಡೂ ಕೈ ಬೆರಳು ಎದುರುಬದುರಾಗಿ ಕೆಲಸ ಮಾಡೋದನ್ನ ಹರಿಯೋದೇ ಕಲಿಸುತ್ತೆ. ನಾಲ್ಕರ ಹೊತ್ತಿಗೆ ಗೆರೆ ಮೇಲೆ ಕತ್ತರಿಸೋಕೆ ಶುರು ಮಾಡ್ತಾರೆ. ಬಣ್ಣ ಬರೀ ಹಸಿರು ಇಡಬೇಡಿ, ಕಂದು, ಬೂದಿ, ಹಳದಿನೂ ಇಡಿ, ಮಣ್ಣಿನ ಬಣ್ಣದ ಕಪ್ಪೆಗಳೇನು ಕಮ್ಮಿ ಇಲ್ಲ. ಅಂಗೈ ಅಚ್ಚಿನ ಕಪ್ಪೆ ಮಾಡಿಸೋದಾದ್ರೆ ಒಂದು ಉಪಾಯ ಇದೆ: ಕಪ್ಪೆಗೆ ಸಾಮಾನ್ಯವಾಗಿ ಮುಂಗಾಲಲ್ಲಿ 4 ಬೆರಳು, ಹಿಂಗಾಲಲ್ಲಿ 5. ಹೆಬ್ಬೆರಳು ಮಡಚಿ ಒತ್ತಿದ್ರೆ ಮುಂಗಾಲು, ಪೂರ್ತಿ ಕೈ ಒತ್ತಿದ್ರೆ ಹಿಂಗಾಲು. ಎಣಿಕೆನೂ ಆಯ್ತು, ಪ್ರಾಣಿಯನ್ನ ಸರಿಯಾಗಿ ನೋಡಿದ್ದೂ ಆಯ್ತು. ಮಡಚಿ ಮಾಡೋ ಹಾರುವ ಕಾಗದದ ಕಪ್ಪೆ ಈ ವಯಸ್ಸಿನ ಕೈಗೆ ಕಷ್ಟ, ನೀವು ಗಟ್ಟಿ ಕಾರ್ಡಲ್ಲಿ ಮಾಡಿಕೊಡಿ, ಹಿಂದುಗಡೆ ಒತ್ತಿ ಹಾರಿಸೋದು, ಎಷ್ಟು ಗೇಣು ಹಾರ್ತು ಅಂತ ಅಳೆಯೋದು ಅವರು ಮಾಡ್ಲಿ. ಕಣ್ಣು ಒಂದು ಮೇಲೆ ಒಂದು ಕೆಳಗೆ ಅಂಟಿಸಿದ್ರೆ ಕಿತ್ತು ಸರಿ ಮಾಡೋಕೆ ಹೋಗ್ಬೇಡಿ.

ಅಂಗಡೀಲಿ ಸಿಗೋ ಅಲ್ಲಾಡೋ ಪ್ಲಾಸ್ಟಿಕ್ ಕಣ್ಣು ನಮ್ಮ ಕ್ಲಾಸಲ್ಲಿ ಇಲ್ಲವೇ ಇಲ್ಲ. ಬಾಯಿಗೆ ಹಾಕ್ಕೊಳ್ಳೋ ಮಕ್ಕಳಿರೋ ಕಡೆ ಟಾಯ್ಲೆಟ್ ಪೇಪರ್ ರೋಲಿನ ಕೊಳವೆಯೊಳಗೆ ತೂರೋ ಯಾವ ವಸ್ತುನೂ ಟೇಬಲ್ ಮೇಲೆ ಇರಬಾರದು. ಒಡೆದ ಬಲೂನ್ ಚೂರು ಅದಕ್ಕಿಂತ ಅಪಾಯ, ಉಸಿರುಕೊಳವೆಗೆ ಮುಚ್ಚಿದ ಹಾಗೆ ಕೂರುತ್ತೆ.

ನಿಜವಾದ ಕಪ್ಪೆ ತರಬಹುದಾ ಅಂತ ಕೇಳ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಗಾಜಿನ ಬಾಟಲೀಲಿ ಗೊದಮೊಟ್ಟೆ ತಂದಿದ್ದೆ, ನೀರು ಕಮ್ಮಿ ಆಯ್ತು ಅಂತ ನಲ್ಲಿ ನೀರು ಸೇರಿಸ್ದೆ. ಮಾರನೇ ದಿನ ಬೆಳಿಗ್ಗೆ ಒಂದೂ ಉಳಿದಿರಲಿಲ್ಲ. ನಲ್ಲಿ ನೀರಿಗೆ ಹಾಕೋ ಕ್ಲೋರಿನ್ ಅವಕ್ಕೆ ವಿಷ, ಅದು ನನಗೆ ಗೊತ್ತಿರಬೇಕಿತ್ತು. ಬಾಟಲಿ ಮುಂದೆ ನಿಂತ ಮಕ್ಕಳ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆವತ್ತಿಂದ ನಾವೇ ನೀರಿರೋ ಕಡೆ ಹೋಗ್ತೀವಿ, ದಡದಲ್ಲಿ ಕೂತು ನೋಡ್ತೀವಿ, ಪ್ರತಿ ನಾಲ್ಕೈದು ಮಕ್ಕಳಿಗೆ ದೊಡ್ಡವರೊಬ್ಬರು ಜೊತೆಗೆ ಇರ್ತಾರೆ. ಹಿಡಿಯೋಕೆ ಬಿಡಲ್ಲ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತೆ, ಉಸಿರೂ ಆಡುತ್ತೆ, ನಮ್ಮ ಕೈಲಿರೋ ಸೋಪು, ಕ್ರೀಮು ಎಲ್ಲಾ ಅದರ ಮೈಗೆ ಹೋಗುತ್ತೆ. ಅಕಸ್ಮಾತ್ ಮುಟ್ಟಿದ್ರೆ ಕೈ ತೊಳೆಸಲೇಬೇಕು, ಅವುಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಕೊನೇ ದಿನಗಳಿಗೆ ನಾನು ಇಟ್ಕೊಳ್ಳೋದು ಬೆಳವಣಿಗೆ ಕಥೆ. ಮೊಟ್ಟೆ, ಗೊದಮೊಟ್ಟೆ, ಮೊದಲು ಹಿಂಗಾಲು, ಆಮೇಲೆ ಮುಂಗಾಲು, ಕೊನೆಗೆ ಬಾಲ ಹೋಗೋದು. ಬಾಲ ಉದುರಿ ಬೀಳುತ್ತೆ ಅಂತ ಸುಮಾರು ಜನ ಹೇಳಿಕೊಡ್ತಾರೆ, ಹಾಗಲ್ಲ, ಅದು ನಿಧಾನಕ್ಕೆ ಕರಗಿ ಮೈಯೊಳಗೇ ಸೇರ್ಕೊಳ್ಳುತ್ತೆ. ಹೋದ ಸಲ ನಾಲ್ಕು ವರ್ಷದ ಒಬ್ಬಳು ಪುಟ್ಟಿ ಕಪ್ಪೆ ಮಾಡಿ, ನಾಲ್ಕು ಕಾಲೂ ಅಂಟಿಸಿ, ಹಿಂದೆ ಒಂದು ಉದ್ದ ಪೇಪರ್ ಪಟ್ಟಿನೂ ಅಂಟಿಸಿದ್ಲು. ಪಕ್ಕದ ಹುಡುಗ ಕಪ್ಪೆಗೆ ಬಾಲ ಇರಲ್ಲ ಅಂದ. "ಇದು ಇನ್ನೂ ಪೂರ್ತಿ ಆಗಿಲ್ಲ ಕಣೋ" ಅಂದ್ಲು. ನಾನು ಗೋಡೆಗೆ ಹಚ್ತೀನಿ ಕೊಡು ಅಂದ್ರೆ ಕೊಡಲಿಲ್ಲ, ಬ್ಯಾಗಲ್ಲಿ ಇಟ್ಕೊಂಡ್ಲು. ಮಾರನೇ ದಿನ ಬಂದು ಬಾಲದ ತುದಿ ಸ್ವಲ್ಪ ಒಳಕ್ಕೆ ಮಡಚಿದ್ಲು, ಅದರ ಮಾರನೇ ದಿನ ಇನ್ನೊಂದು ಮಡಿಕೆ. ಶುಕ್ರವಾರ ಪಟ್ಟಿ ಪೂರ್ತಿ ಹೊಟ್ಟೆ ಕೆಳಗೆ ಹೋಗಿತ್ತು. ಆಗ ತಾನೇ ಬಂದು ನನ್ನ ಕೈಗೆ ಕೊಟ್ಟು, "ಈಗ ಹಚ್ಚಿ ಮಿಸ್" ಅಂದ್ಲು.