ಪೌರತ್ವ ನಷ್ಟ: ಬಿಟ್ಟದ್ದು, ತಾನೇ ಹೋದದ್ದು, ಕಿತ್ತುಕೊಂಡದ್ದು

‘ಅವರ ಇಂಡಿಯನ್ ಸಿಟಿಜನ್‌ಶಿಪ್ ಹೋಯ್ತಂತೆ’ ಎಂದು ಮಾತಿನಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ಕಾನೂನಿನಲ್ಲಿ ಈ ‘ಹೋಗುವುದು’ ಮೂರು ಬಗೆ. ನಾವಾಗಿಯೇ ಬರೆದುಕೊಟ್ಟು ಬಿಡುವುದು ಪರಿತ್ಯಾಗ. ಬೇರೆ ದೇಶದ ಪೌರತ್ವ ಪಡೆದ ಕಾರಣಕ್ಕೆ ತಾನಾಗಿಯೇ ಮುಗಿಯುವುದು ಅಂತ್ಯ. ಸರ್ಕಾರ ಆದೇಶ ಹೊರಡಿಸಿ ಕಿತ್ತುಕೊಳ್ಳುವುದು ರದ್ದತಿ. 1955ರ ಪೌರತ್ವ ಕಾಯ್ದೆಯಲ್ಲಿ ಇವು ಕ್ರಮವಾಗಿ 8, 9 ಮತ್ತು 10ನೇ ಸೆಕ್ಷನ್‌ಗಳು. ಹೆಸರಿನ ವ್ಯತ್ಯಾಸವಷ್ಟೇ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಪೌರತ್ವ ಯಾವ ಸೆಕ್ಷನ್ನಿನಡಿ ಹೋಯಿತು ಎಂಬುದರ ಮೇಲೆ ಅದು ಮರಳುವ ದಾರಿ, ಕೆಲವೊಮ್ಮೆ ಮಕ್ಕಳ ಹಕ್ಕು ಕೂಡ ನಿಂತಿದೆ.

ಹೆಚ್ಚಿನವರ ಪೌರತ್ವ ಹೋಗುವುದು 9ನೇ ಸೆಕ್ಷನ್ನಿನಡಿ, ಅದೂ ಅವರ ಗಮನಕ್ಕೇ ಬಾರದಂತೆ. ಭಾರತದ ಪೌರರೊಬ್ಬರು ಸ್ವಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಮುಗಿಯುತ್ತದೆ. ಅದಕ್ಕೆ ಅರ್ಜಿ ಬೇಡ, ನೋಟಿಸ್ ಬೇಡ, ದೆಹಲಿಯ ಆದೇಶವೂ ಬೇಡ. ಅಮೆರಿಕದಲ್ಲಿ ಬೆಳಿಗ್ಗೆ ಪ್ರಮಾಣವಚನ ಸ್ವೀಕರಿಸಿದವರು ಸಂಜೆ ಮನೆಗೆ ಬರುವಾಗ ಭಾರತೀಯ ಪೌರರಲ್ಲ. ಕಪಾಟಿನಲ್ಲಿರುವ ಭಾರತದ ಪಾಸ್‌ಪೋರ್ಟಿನ ಅವಧಿ ಇನ್ನೂ ಎಂಟು ವರ್ಷ ಇದ್ದರೂ ಅದನ್ನು ಬಳಸುವ ಹಕ್ಕು ಇಲ್ಲ. ಜನ ಎಡವುವುದು ಇಲ್ಲೇ. ಹೊಸ ಪಾಸ್‌ಪೋರ್ಟ್ ಕೈಸೇರುವ ಮೊದಲೇ ಊರಲ್ಲಿ ಮದುವೆಯೋ, ಅಪ್ಪ–ಅಮ್ಮನ ಅನಾರೋಗ್ಯವೋ ಬಂದರೆ, ‘ಹಳೆಯದು ಇದೆಯಲ್ಲ’ ಎಂದು ಅದರಲ್ಲೇ ವಿಮಾನ ಹತ್ತುತ್ತಾರೆ. ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಅಪರಾಧ. ಹಳೆಯ ಪಾಸ್‌ಪೋರ್ಟನ್ನು ಭಾರತದ ರಾಯಭಾರ ಕಚೇರಿಗೆ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯುವುದು ಮೊದಲ ಕೆಲಸ. ಮುಂದೆ ವೀಸಾಕ್ಕೂ, ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿಗೂ ಅದನ್ನೇ ಕೇಳುತ್ತಾರೆ. ಆದರೆ ಪೌರತ್ವವನ್ನು ಮುಗಿಸಿದ್ದು ಆ ಸರ್ಟಿಫಿಕೇಟ್ ಅಲ್ಲ. ಮೊದಲೇ ಮುಗಿದದ್ದಕ್ಕೆ ಅದೊಂದು ದಾಖಲೆ ಅಷ್ಟೇ. ಊರಿನ ಮತದಾರರ ಪಟ್ಟಿಯಿಂದ ಹೆಸರು ತೆಗೆಸುವುದನ್ನೂ ಬಹಳ ಮಂದಿ ಮರೆಯುತ್ತಾರೆ.

ಗ್ರೀನ್ ಕಾರ್ಡ್, ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ), ಕೊಲ್ಲಿ ದೇಶಗಳ ದೀರ್ಘಾವಧಿ ವೀಸಾ, ಇವು ಯಾವುವೂ ಪೌರತ್ವವಲ್ಲ. ಅವುಗಳನ್ನು ಹಿಡಿದು ಇಪ್ಪತ್ತು ವರ್ಷ ಹೊರಗಿದ್ದರೂ ಹುಟ್ಟಿನಿಂದ ಭಾರತೀಯರಾದವರು ಭಾರತೀಯರೇ. ಇನ್ನೊಂದು ತಪ್ಪು ತಿಳಿವಳಿಕೆ ಈಚೆಗೆ ಹಬ್ಬಿದೆ. ಜರ್ಮನಿ 2024ರ ಜೂನ್ 27ರಿಂದ ಎರಡೆರಡು ಪೌರತ್ವಕ್ಕೆ ಅವಕಾಶ ಕೊಟ್ಟಿದೆ, ಹಾಗಾಗಿ ಭಾರತದ್ದನ್ನೂ ಉಳಿಸಿಕೊಳ್ಳಬಹುದು ಎಂಬ ನಂಬಿಕೆ. ಜರ್ಮನಿ ಬಿಡಿ ಎನ್ನುವುದಿಲ್ಲ, ನಿಜ. ಆದರೆ ಭಾರತದ ಪೌರತ್ವವನ್ನು ಮುಗಿಸುವುದು ಭಾರತದ್ದೇ ಕಾನೂನು, ಅದು ಬದಲಾಗಿಲ್ಲ.

‘ಸ್ವಇಚ್ಛೆಯಿಂದ’ ಎಂಬ ಒಂದು ಪದದ ಹಿಂದೆ ದೊಡ್ಡ ಇತಿಹಾಸವಿದೆ. ದೇಶ ಇಬ್ಭಾಗವಾದ ಮೇಲೆ ಪಾಕಿಸ್ತಾನಕ್ಕೆ ಹೋಗಿ, ಅಲ್ಲಿಯ ಪಾಸ್‌ಪೋರ್ಟಿನಲ್ಲಿ ಮರಳಿದ ಸಾವಿರಾರು ಮಂದಿಯ ಪ್ರಶ್ನೆ ಕೋರ್ಟುಗಳ ಮುಂದೆ ಬಂತು. ಬೇರೆ ದೇಶದ ಪಾಸ್‌ಪೋರ್ಟ್ ಪಡೆದದ್ದೇ ಆ ದೇಶದ ಪೌರತ್ವ ಪಡೆದದ್ದಕ್ಕೆ ನಿರ್ಣಾಯಕ ಸಾಕ್ಷಿ ಎಂದು 1956ರ ನಿಯಮಗಳು ಹೇಳಿದ್ದವು. ಸುಪ್ರೀಂ ಕೋರ್ಟ್ 1962ರಲ್ಲಿ ಆ ನಿಯಮವನ್ನು ಎತ್ತಿಹಿಡಿಯಿತು. ಆದರೆ ಬಲವಂತಕ್ಕೋ ಮೋಸಕ್ಕೋ ಸಿಕ್ಕಿ ಪಾಸ್‌ಪೋರ್ಟ್ ಪಡೆದೆ ಎನ್ನುವವರಿಗೆ ಅದನ್ನು ತೋರಿಸುವ ಅವಕಾಶ ಇರಬೇಕು ಎಂದು 1965ರಲ್ಲಿ ಅದೇ ಕೋರ್ಟ್ ಹೇಳಿತು. ಪೌರತ್ವ ಹೋಗಿದೆಯೇ, ಯಾವಾಗ ಹೋಯಿತು ಎಂಬ ವಿವಾದವನ್ನು ತೀರ್ಮಾನಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. ಊರಿನ ಪೊಲೀಸ್ ಠಾಣೆ ಅದನ್ನು ತೀರ್ಮಾನಿಸುವಂತಿಲ್ಲ.

8ನೇ ಸೆಕ್ಷನ್ನಿನ ಪರಿತ್ಯಾಗ ಇದಕ್ಕಿಂತ ಬೇರೆ. ಇಲ್ಲಿ ವಯಸ್ಕ ಪೌರರು ನಿಗದಿತ ನಮೂನೆಯಲ್ಲಿ ಘೋಷಣೆ ಸಲ್ಲಿಸಬೇಕು, ಅದು ನೋಂದಣಿಯಾಗಬೇಕು; ನೋಂದಣಿಯಾದ ಮೇಲಷ್ಟೇ ಪೌರತ್ವ ಹೋಗುತ್ತದೆ. ಭಾರತ ಯುದ್ಧದಲ್ಲಿದ್ದರೆ ನೋಂದಣಿಯನ್ನು ತಡೆಹಿಡಿಯಬಹುದು. ಹಳೆಯ ಪೌರತ್ವ ಬಿಟ್ಟ ದಾಖಲೆ ತಂದರೆ ಮಾತ್ರ ಹೊಸದು ಕೊಡುತ್ತೇವೆ ಎನ್ನುವ ದೇಶಗಳಿಗೆ ಹೋಗುವವರಿಗೆ ಈ ದಾರಿ ಬೇಕಾಗುತ್ತದೆ. ಆ ದೇಶದಿಂದ ಲಿಖಿತ ಭರವಸೆ ಸಿಗುವ ಮೊದಲು ಇದಕ್ಕೆ ಕೈಹಾಕಬಾರದು. ಇದು ಹೋಗಿ ಅದು ಬಾರದಿದ್ದರೆ ಯಾವ ದೇಶಕ್ಕೂ ಸೇರದವರಾಗಿ ನಿಲ್ಲಬೇಕಾದೀತು.

ಮಕ್ಕಳ ವಿಷಯ ಬರುವುದೂ ಇದೇ ಸೆಕ್ಷನ್ನಿನಲ್ಲಿ. ತಂದೆ ಅಥವಾ ತಾಯಿ ಪರಿತ್ಯಾಗ ಮಾಡಿದರೆ ಅಪ್ರಾಪ್ತ ಮಕ್ಕಳ ಪೌರತ್ವವೂ ಹೋಗುತ್ತದೆ. ಆದರೆ ಆ ಮಗುವಿಗೆ 18 ತುಂಬಿದ ಮೇಲೆ ಒಂದು ವರ್ಷದೊಳಗೆ ಘೋಷಣೆ ಸಲ್ಲಿಸಿ ಪೌರತ್ವವನ್ನು ಮರಳಿ ಪಡೆಯುವ ಹಕ್ಕಿದೆ. ಇಡೀ ಕಾಯ್ದೆಯಲ್ಲಿ ಹಿಂದಿರುಗಲು ಇರುವ ಅತಿ ಸುಲಭದ ದಾರಿ ಇದು. 19 ತುಂಬಿದರೆ ಅದೂ ಇಲ್ಲ. ಅಪ್ಪ–ಅಮ್ಮ 9ನೇ ಸೆಕ್ಷನ್ನಿನಡಿ ಪೌರತ್ವ ಕಳೆದುಕೊಂಡಿದ್ದರೆ ಮಕ್ಕಳಿಗೆ ಈ ಹಕ್ಕು ಸಿಗುತ್ತದೆಯೇ? ಇಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಿತು. ತಂದೆ–ತಾಯಿ ಸಿಂಗಪುರದ ಪೌರತ್ವ ಪಡೆದ ಕೆಲವು ತಿಂಗಳಿಗೆ ಅಲ್ಲೇ ಹುಟ್ಟಿದ ಯುವಕನ ಪ್ರಕರಣ ಅದು. ಮದ್ರಾಸ್ ಹೈಕೋರ್ಟ್ ಆತನ ಪರ ನಿಂತಿತ್ತು. ಸಿಂಗಪುರದ ಪೌರತ್ವ ಪಡೆದಾಗ ತಂದೆ–ತಾಯಿಯ ಭಾರತೀಯ ಪೌರತ್ವ ಕಾನೂನಿನಂತೆ ತಾನಾಗಿ ಮುಗಿಯಿತು, ಅವರಾಗಿ ಬಿಟ್ಟದ್ದಲ್ಲ, ಆದ್ದರಿಂದ 8ನೇ ಸೆಕ್ಷನ್ನಿನ ಹಕ್ಕು ಅವರ ಮಗನಿಗೆ ಇಲ್ಲ ಎಂಬುದು ಸುಪ್ರೀಂ ಕೋರ್ಟಿನ ತರ್ಕ. ಪರಿತ್ಯಾಗ, ಅಂತ್ಯ ಎಂಬ ಎರಡು ಪದಗಳ ನಡುವಿನ ಅಂತರದ ಬೆಲೆ ಎಷ್ಟೆಂದು ತಿಳಿಯಲು ಈ ಒಂದು ತೀರ್ಪು ಸಾಕು.

ವಿದೇಶದಲ್ಲಿ ಹುಟ್ಟಿ, ಭಾರತದ ರಾಯಭಾರ ಕಚೇರಿಯಲ್ಲಿ ನೋಂದಣಿಯಾಗಿ ವಂಶದ ಮೂಲಕ ಭಾರತೀಯರಾದ ಮಕ್ಕಳಿಗೆ ಇನ್ನೊಂದು ಗಡುವಿದೆ. ಹುಟ್ಟಿದ ದೇಶದ ಪೌರತ್ವವೂ ಇದ್ದರೆ, 18 ತುಂಬಿದ ಆರು ತಿಂಗಳೊಳಗೆ ಅದನ್ನು ಬಿಡಬೇಕು. ಬಿಡದಿದ್ದರೆ ಭಾರತದ್ದು ಹೋಗುತ್ತದೆ.

ರದ್ದತಿ ವಿರಳ. ಅದು ಮುಖ್ಯವಾಗಿ ನೋಂದಣಿ ಅಥವಾ ದೇಶೀಕರಣದ (ವಿದೇಶಿಯರು ಇಲ್ಲಿ ವರ್ಷಗಟ್ಟಲೆ ನೆಲೆಸಿ ಪೌರತ್ವ ಪಡೆಯುವುದು) ಮೂಲಕ ಪೌರರಾದವರಿಗೆ ಅನ್ವಯಿಸುತ್ತದೆ. ಮೋಸದಿಂದ ಅಥವಾ ಮುಖ್ಯ ಸಂಗತಿ ಮುಚ್ಚಿಟ್ಟು ಪಡೆದದ್ದು, ಸಂವಿಧಾನಕ್ಕೆ ನಿಷ್ಠೆಯಿಲ್ಲದ ನಡೆ–ನುಡಿ, ಯುದ್ಧಕಾಲದಲ್ಲಿ ಶತ್ರುವಿನೊಂದಿಗೆ ವ್ಯವಹಾರ, ಪೌರತ್ವ ಪಡೆದ ಐದು ವರ್ಷದೊಳಗೆ ಯಾವುದೇ ದೇಶದಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲುಶಿಕ್ಷೆ, ಇವು ಮುಖ್ಯ ಕಾರಣಗಳು. ಸರ್ಕಾರ ಲಿಖಿತ ನೋಟಿಸ್ ಕೊಡಬೇಕು. ಈ ಕಾರಣಗಳಿಗೆ ವಿಚಾರಣಾ ಸಮಿತಿಯನ್ನು ಕೇಳುವ ಹಕ್ಕೂ ಉಂಟು.

ಇನ್ನು ಮರಳುವ ಮಾತು. ಪೌರತ್ವ ಕಳೆದುಕೊಂಡ ವಯಸ್ಕರಿಗೆ ಸಾಮಾನ್ಯವಾಗಿ ಇರುವುದು 5(1)(ಎಫ್) ಸೆಕ್ಷನ್ನಿನ ನೋಂದಣಿ. ಅರ್ಜಿದಾರರು ಅಥವಾ ಅವರ ತಂದೆ–ತಾಯಿಯಲ್ಲಿ ಒಬ್ಬರು ಹಿಂದೆ ಸ್ವತಂತ್ರ ಭಾರತದ ಪೌರರಾಗಿರಬೇಕು; ಅಜ್ಜ–ಅಜ್ಜಿಯ ಆಧಾರ ಇಲ್ಲಿ ನಡೆಯುವುದಿಲ್ಲ. ಜೊತೆಗೆ, ಅರ್ಜಿ ಹಾಕುವ ದಿನಕ್ಕೆ ಹಿಂದಿನ 12 ತಿಂಗಳು ಭಾರತದಲ್ಲೇ ವಾಸವಾಗಿರಬೇಕು. ಐದು ವರ್ಷದಿಂದ ಓಸಿಐ ಕಾರ್ಡ್ ಇರುವವರು 5(1)(ಜಿ) ಅಡಿ ಬರಬಹುದು. ಅಲ್ಲೂ ಈ 12 ತಿಂಗಳ ಷರತ್ತು ಇದೆ.

ಅರ್ಜಿಗಳು ಬೀಳುವುದು ಈ 12 ತಿಂಗಳಲ್ಲೇ. ಬೆಂಗಳೂರಲ್ಲಿ ಮನೆ ಮಾಡಿದ್ದೇನೆ, ಮಗಳನ್ನು ನೋಡಲು ಮೂರು ವಾರ ಹೋಗಿ ಬಂದೆ ಎಂದರೆ, ಆ ಮೂರು ವಾರ ಲೆಕ್ಕದಿಂದ ಕಳೆದುಹೋದಂತೆಯೇ. 2015ರ ತಿದ್ದುಪಡಿ ಒಂದಿಷ್ಟು ಸಡಿಲ ಕೊಟ್ಟಿದೆ: ವಿಶೇಷ ಸಂದರ್ಭವೆಂದು ಕೇಂದ್ರಕ್ಕೆ ಮನವರಿಕೆಯಾದರೆ, ಕಾರಣ ಬರೆದಿಟ್ಟು ಒಟ್ಟು 30 ದಿನದವರೆಗೆ ಮನ್ನಾ ಮಾಡಬಹುದು. ಅದು ಸರ್ಕಾರದ ವಿವೇಚನೆ, ಅರ್ಜಿದಾರರ ಹಕ್ಕಲ್ಲ. ಪ್ರವಾಸವನ್ನು ಮುಚ್ಚಿಟ್ಟರಂತೂ ಕೈಗೆ ಬಂದ ಪೌರತ್ವವೂ ಉಳಿಯುವುದಿಲ್ಲ. ಜರ್ಮನಿಯ ಪೌರರಾಗಿದ್ದು 2009ರಲ್ಲಿ ಭಾರತದ ಪೌರತ್ವ ಪಡೆದಿದ್ದ ತೆಲಂಗಾಣದ ವೇಮುಲವಾಡದ ಮಾಜಿ ಶಾಸಕರ ಪ್ರಕರಣ ಆದದ್ದು ಹೀಗೆಯೇ. ಅರ್ಜಿಗೆ ಮುಂಚಿನ 12 ತಿಂಗಳಲ್ಲಿ ಮಾಡಿದ ವಿದೇಶ ಪ್ರಯಾಣವನ್ನು ಹೇಳಿರಲಿಲ್ಲ ಎಂದು ಗೃಹ ಸಚಿವಾಲಯ ಪೌರತ್ವ ರದ್ದು ಮಾಡಿತು. ವರ್ಷಗಟ್ಟಲೆ ಹೋರಾಟದ ನಂತರ, 2024ರ ಡಿಸೆಂಬರಿನಲ್ಲಿ ಅಲ್ಲಿಯ ಹೈಕೋರ್ಟ್ ಆ ನಿರ್ಧಾರವನ್ನು ಎತ್ತಿಹಿಡಿಯಿತು.

ಅರ್ಜಿಯನ್ನು ಗೃಹ ಸಚಿವಾಲಯದ ಪೋರ್ಟಲ್‌ನಲ್ಲಿ ಹಾಕಿ, ಜಿಲ್ಲಾಧಿಕಾರಿ ಕಚೇರಿಗೆ ಮೂಲ ದಾಖಲೆಗಳೊಂದಿಗೆ ಹೋಗಬೇಕು. ವಿದೇಶಿ ಪಾಸ್‌ಪೋರ್ಟ್, ಇಲ್ಲಿ ಇರಲು ಅನುಮತಿಯ ದಾಖಲೆ, ಹಿಂದೆ ಭಾರತೀಯರಾಗಿದ್ದಕ್ಕೆ ಹಳೆಯ ಪಾಸ್‌ಪೋರ್ಟು, ಇವು ಮುಖ್ಯ. ಸರೆಂಡರ್ ಮಾಡುವಾಗ ರದ್ದು ಮುದ್ರೆ ಹಾಕಿ ಹಿಂತಿರುಗಿಸಿದ ಪಾಸ್‌ಪೋರ್ಟನ್ನು ‘ಇನ್ನೇಕೆ’ ಎಂದು ಎಸೆದವರು ಪರದಾಡುವುದು ಆಗ. ಕಡತ ರಾಜ್ಯ ಸರ್ಕಾರದ ಮೂಲಕ ದೆಹಲಿಗೆ ಹೋಗುತ್ತದೆ, ನಡುವೆ ಭದ್ರತಾ ತಪಾಸಣೆ ನಡೆಯುತ್ತದೆ. ಒಮ್ಮೆ ಪೌರತ್ವ ಕಳೆದುಕೊಂಡವರನ್ನು ಕೇಂದ್ರದ ಆದೇಶವಿಲ್ಲದೆ ನೋಂದಾಯಿಸುವಂತಿಲ್ಲ ಎಂದು 5(3) ಸೆಕ್ಷನ್ ಹೇಳುತ್ತದೆ. ವಿದೇಶಿ ಪೌರತ್ವವನ್ನು ಬಿಡಬೇಕಾದದ್ದು ಅರ್ಜಿ ಒಪ್ಪಿಗೆಯಾಗಿದೆ ಎಂಬ ಸ್ವೀಕೃತಿ ಪತ್ರ ಬಂದ ಮೇಲೆ, ಅದಕ್ಕೂ ಮೊದಲಲ್ಲ. ಕೊನೆಗೆ ನಿಷ್ಠೆಯ ಪ್ರಮಾಣ, ಪ್ರಮಾಣಪತ್ರ. ಅಪ್ರಾಪ್ತ ಮಕ್ಕಳು ತಂದೆ–ತಾಯಿಯ ಜೊತೆ ತಾವಾಗಿ ಪೌರರಾಗುವುದಿಲ್ಲ, ಅವರಿಗೆ ಬೇರೆ ಅರ್ಜಿ.

ಇಷ್ಟು ಪಾಡು ಏಕೆ, ಓಸಿಐ ಸಾಲದೇ ಎಂದು ಕೇಳಬಹುದು. ಬಹಳ ಮಂದಿಗೆ ಸಾಕು. ಆದರೆ ಅದು ಪೌರತ್ವವಲ್ಲ, ಹೆಸರಿನಲ್ಲಿ ‘ಸಿಟಿಜನ್’ ಇದ್ದರೂ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಕೊಡಗಿನ ಕಾಫಿ ತೋಟವೋ ಮಂಡ್ಯದ ಗದ್ದೆಯೋ ಪಿತ್ರಾರ್ಜಿತವಾಗಿ ಬರಬಹುದು, ಕೊಳ್ಳುವಂತಿಲ್ಲ.

ಮರಳಿ ಪೌರರಾದವರು ಒಂದು ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಧಾರವಾಡದಲ್ಲಿ ಹುಟ್ಟಿದವರೇ ಆದರೂ ಈಗ ಅವರು ‘ಹುಟ್ಟಿನಿಂದ’ ಪೌರರಲ್ಲ, ‘ನೋಂದಣಿಯಿಂದ’ ಪೌರರು, ಅದೂ ನೋಂದಣಿಯಾದ ದಿನದಿಂದ. ಹಾಗಾಗಿ ಮೊದಲು ಅವರನ್ನು ಮುಟ್ಟದಿದ್ದ 10ನೇ ಸೆಕ್ಷನ್ ಈಗ ಅನ್ವಯಿಸುತ್ತದೆ. ಅದರಲ್ಲೊಂದು ಕಾರಣ ಸತತ ಏಳು ವರ್ಷ ವಿದೇಶವಾಸ. ಆ ಅವಧಿಯಲ್ಲಿ ವಿದ್ಯಾರ್ಥಿಯಾಗಿದ್ದವರು, ಭಾರತದ ಸರ್ಕಾರಿ ಸೇವೆಯಲ್ಲೋ ಭಾರತ ಸದಸ್ಯನಾಗಿರುವ ಅಂತರರಾಷ್ಟ್ರೀಯ ಸಂಸ್ಥೆಯಲ್ಲೋ ಇದ್ದವರು ಇದರಿಂದ ಹೊರಗೆ. ಉಳಿದವರು ಮತ್ತೆ ಮಕ್ಕಳ ಬಳಿ ಹೋಗಿ ನೆಲೆಸುವುದಾದರೆ, ಭಾರತದ ಪೌರತ್ವ ಉಳಿಸಿಕೊಳ್ಳುವ ಇಚ್ಛೆಯನ್ನು ಅಲ್ಲಿಯ ಭಾರತೀಯ ಕಾನ್ಸುಲೇಟಿನಲ್ಲಿ ಪ್ರತಿ ವರ್ಷ ನೋಂದಾಯಿಸಬೇಕು.