ಮುಚ್ಚಿದ ಪೆಟ್ಟಿಗೆಗೆ ಯಾರು ಹೊಣೆ?

ಬ್ಯಾಂಕ್ ಲಾಕರಿನಲ್ಲಿಟ್ಟ ಒಡವೆ ಕಾಣೆಯಾದರೆ ಗ್ರಾಹಕರಿಗೆ ದಶಕಗಳ ಕಾಲ ಸಿಗುತ್ತಿದ್ದ ಉತ್ತರ ಹೆಚ್ಚುಕಡಿಮೆ ಒಂದೇ: ಒಳಗೆ ಏನಿತ್ತೆಂದು ನಮಗೆ ಗೊತ್ತಿಲ್ಲ, ಹಾಗಾಗಿ ನಾವು ಹೊಣೆಯಲ್ಲ. ಈ ವಾದಕ್ಕೆ ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಮನ್ನಣೆ ಸಿಗುತ್ತಿರಲಿಲ್ಲ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದದ್ದು ಇಂದಿನ ಬಸವಕಲ್ಯಾಣದಲ್ಲಿ. ಮಿತಾಕ್ಷರಾ ಎಂದೊಡನೆ ಎಲ್ಲರಿಗೂ ನೆನಪಾಗುವುದು ಆಸ್ತಿಯ ಪಾಲು. ಆದರೆ ಇನ್ನೊಬ್ಬರ ವಶಕ್ಕೆ ಒಪ್ಪಿಸಿದ ವಸ್ತುವಿನ ಬಗ್ಗೆಯೂ ಅದರಲ್ಲಿ ಒಂದು ಪುಟ್ಟ ಪ್ರಕರಣವಿದೆ. ಎಣಿಸಿ, ತೋರಿಸಿ ಕೊಟ್ಟದ್ದು ನಿಕ್ಷೇಪ. ಎಣಿಸದೆ, ಒಳಗೇನಿದೆಯೆಂದು ಹೇಳದೆ, ಮುದ್ರೆಯೊತ್ತಿ ಪೆಟ್ಟಿಗೆಯಲ್ಲಿ ಕೊಟ್ಟದ್ದು ಉಪನಿಧಿ. ಅದನ್ನು ಇದ್ದ ಹಾಗೆಯೇ ಹಿಂತಿರುಗಿಸಬೇಕು. ರಾಜ ಕಿತ್ತುಕೊಂಡರೆ, ದೈವದಿಂದ ಹಾಳಾದರೆ, ಕಳ್ಳರು ಒಯ್ದರೆ ಇಟ್ಟುಕೊಂಡವನು ತೆರಬೇಕಿಲ್ಲ. ಮಾಲೀಕ ಕೇಳಿದಾಗ ಕೊಡದೆ ಆಮೇಲೆ ಕಳೆದರೆ ಮಾತ್ರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ತನ್ನಿಷ್ಟದಂತೆ ಬಳಸಿಕೊಂಡು ಬದುಕಿದರೆ ಬಡ್ಡಿ ಸೇರಿಸಿ ಕೊಡಬೇಕು, ದಂಡವೂ ಉಂಟು. ಮದುವೆ, ಉತ್ಸವಗಳಿಗೆಂದು ಕೇಳಿ ತಂದ ಬಟ್ಟೆಬರೆ, ಒಡವೆಗೂ ಇದೇ ನಿಯಮ. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಅಂಶ ಒಂದೇ: ಒಳಗಿನದು ಗೊತ್ತಿಲ್ಲದಿರುವುದು ಹೊಣೆಯಿಂದ ಜಾರಿಕೊಳ್ಳುವ ದಾರಿಯಾಗಿರಲಿಲ್ಲ. ಉಪನಿಧಿಯ ಲಕ್ಷಣವೇ ಅದಾಗಿತ್ತು.

ಇಂದು ನಮ್ಮ ನ್ಯಾಯಾಲಯಗಳಲ್ಲಿ ನಡೆಯುವ ಕಾನೂನು ಬಂದದ್ದು ಬೇರೆ ದಾರಿಯಿಂದ. ಇಂಗ್ಲೆಂಡಿನಲ್ಲಿ 1601ರ ಒಂದು ತೀರ್ಪಿನ ಪ್ರಕಾರ, ಜೋಪಾನ ಮಾಡುತ್ತೇನೆಂದು ವಸ್ತು ಪಡೆದವನು ಅದು ಕಳುವಾದರೂ ಹೊಣೆಗಾರ. ಬ್ರಾಂದಿಯ ಪೀಪಾಯಿಗಳನ್ನು ಒಂದು ನೆಲಮಾಳಿಗೆಯಿಂದ ಇನ್ನೊಂದಕ್ಕೆ ಪುಕ್ಕಟೆಯಾಗಿ ಸಾಗಿಸಲು ಒಪ್ಪಿಕೊಂಡವನೊಬ್ಬ ಅಜಾಗರೂಕತೆಯಿಂದ ಪೀಪಾಯಿ ಒಡೆದು ಬ್ರಾಂದಿ ಚೆಲ್ಲಿದ. 1703ರಲ್ಲಿ ಆ ಮೊಕದ್ದಮೆ ತೀರ್ಮಾನಿಸುತ್ತ ಮುಖ್ಯ ನ್ಯಾಯಮೂರ್ತಿ ಹೋಲ್ಟ್, ರೋಮನ್ ಕಾನೂನಿನ ನೆರವಿನಿಂದ ಇಂಥ ವ್ಯವಹಾರಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಯಾರ ಲಾಭಕ್ಕಾಗಿ ವಸ್ತು ಕೈಬದಲಾಯಿತು ಎಂಬುದರ ಮೇಲೆ ಎಚ್ಚರಿಕೆಯ ಮಟ್ಟ ನಿಂತಿತು. 1781ರಲ್ಲಿ ಇದೇ ವಿಷಯಕ್ಕೆ ಒಂದು ಪ್ರಬಂಧವನ್ನೇ ಮೀಸಲಿಟ್ಟ ವಿಲಿಯಂ ಜೋನ್ಸ್, ಎರಡು ವರ್ಷಗಳ ಬಳಿಕ ನ್ಯಾಯಾಧೀಶರಾಗಿ ಕಲ್ಕತ್ತಾಕ್ಕೆ ಬಂದರು.

1872ರ ಭಾರತೀಯ ಕರಾರು ಕಾಯ್ದೆ ಈ ಸೂಕ್ಷ್ಮ ಮಟ್ಟಗಳನ್ನೆಲ್ಲ ಬದಿಗಿಟ್ಟಿತು. 151ನೆಯ ಕಲಮಿನಂತೆ ಹಣ ಪಡೆದಿರಲಿ, ಬಿಡಲಿ, ಸಾಮಾನ್ಯ ವಿವೇಕಿ ತನ್ನ ಅಂಥದೇ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಮಾಡಬೇಕು. ಅಷ್ಟು ಮಾಡಿಯೂ ಕಳೆದರೆ ಹೊಣೆಯಿಲ್ಲ. ಒಳ್ಳೆಯ ನಿಯಮವೇ. ತೊಡಕಿದ್ದದ್ದು ಅದಕ್ಕೂ ಮೊದಲಿನ ಪ್ರಶ್ನೆಯಲ್ಲಿ: ವಸ್ತು ನಿಜವಾಗಿ ಯಾರ ವಶದಲ್ಲಿತ್ತು?

1938ರ ಕಾನೂನು ವರದಿಗಳಲ್ಲಿ ಮದ್ರಾಸ್ ಹೈಕೋರ್ಟಿನ ಪ್ರಕರಣವೊಂದಿದೆ. ಮಹಿಳೆಯೊಬ್ಬರು ಹಳೆಯ ಒಡವೆ ಕರಗಿಸಿ ಹೊಸದು ಮಾಡಲು ಅಕ್ಕಸಾಲಿಗನಿಗೆ ಕೊಟ್ಟಿದ್ದರು. ದಿನವೂ ಸಂಜೆ ಅರ್ಧ ಮುಗಿದ ಒಡವೆಯನ್ನು ಅವನ ಕೋಣೆಯ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ತಾವೇ ಒಯ್ಯುತ್ತಿದ್ದರು. ಒಂದು ರಾತ್ರಿ ಕಳ್ಳತನವಾಯಿತು. ಕೀಲಿ ಆಕೆಯ ಬಳಿಯಿದ್ದುದರಿಂದ ವಶವೂ ಆಕೆಯದೇ, ಅಕ್ಕಸಾಲಿಗ ಹೊಣೆಯಲ್ಲ ಎಂದು ತೀರ್ಪಾಯಿತು. ಲಾಕರಿನ ಕೀಲಿ ಗ್ರಾಹಕರ ಕೈಯಲ್ಲೇ ಇರುತ್ತದಲ್ಲವೇ? ಬ್ಯಾಂಕುಗಳಿಗೆ ಒದಗಿಬಂದ ತರ್ಕವೂ ಇಂಥದೇ. ಆದರೆ ಬ್ಯಾಂಕಿನ ಕೀಲಿಯೂ ಸೇರದೆ ಆ ಬಾಗಿಲು ತೆರೆಯುವುದಿಲ್ಲ, ಕಟ್ಟಡದ ಕಾವಲೂ ಅವರದೇ.

ಈ ತರ್ಕಕ್ಕೆ ಪೆಟ್ಟು ಬಿದ್ದ ಎರಡು ತೀರ್ಪುಗಳನ್ನೂ ಸುಪ್ರೀಂ ಕೋರ್ಟಿನಲ್ಲಿ ಬರೆದವರು ಹಾವೇರಿ ಜಿಲ್ಲೆಯವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. 2019ರದ್ದು ದೆಹಲಿಯ ಹೋಟೆಲೊಂದರಿಂದ 1998ರಲ್ಲಿ ಕಳುವಾದ ಮಾರುತಿ ಝೆನ್ ಕಾರಿನದು. ಕೀಲಿ ಪಡೆದು ಕಾರು ನಿಲ್ಲಿಸಿಕೊಂಡ ಮೇಲೆ ಹಿಂತಿರುಗಿಸುವ ಹೊಣೆ ಹೋಟೆಲಿನದೇ. ಅಜಾಗರೂಕತೆ ನಡೆದಿದ್ದರೆ ‘ಮಾಲೀಕರೇ ಹೊಣೆ’ ಎಂದು ಚೀಟಿಯಲ್ಲಿ ಅಚ್ಚು ಹಾಕಿ ತಪ್ಪಿಸಿಕೊಳ್ಳುವಂತಿಲ್ಲ. 2021ರ ಫೆಬ್ರವರಿಯದು ಕೋಲ್ಕತ್ತದ ಗ್ರಾಹಕರೊಬ್ಬರದು. ಬಾಡಿಗೆ ಬಾಕಿಯಿಲ್ಲದಿದ್ದರೂ ಬ್ಯಾಂಕು ಅವರ ಲಾಕರನ್ನು ಒಡೆದಿತ್ತು. ಏಳು ಆಭರಣಗಳಿದ್ದವು, ಎರಡು ಮಾತ್ರ ಸಿಕ್ಕವು ಎಂಬುದು ಅವರ ದೂರು. ಒಳಗಿನ ವಸ್ತು ಏನೇ ಇರಲಿ, ಲಾಕರ್ ಕಾಯುವ ಪ್ರತ್ಯೇಕ ಕರ್ತವ್ಯ ಬ್ಯಾಂಕಿಗಿದೆ ಎಂದ ಕೋರ್ಟ್ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆದರೆ ಕಳೆದ ಆಭರಣಗಳ ಲೆಕ್ಕಕ್ಕೆ ಸಿವಿಲ್ ನ್ಯಾಯಾಲಯಕ್ಕೇ ಹೋಗಿ ಎಂದಿತು.

ಆ ಆದೇಶದ ಫಲವೇ ರಿಸರ್ವ್ ಬ್ಯಾಂಕಿನ ಹೊಸ ನಿಯಮ, 2022ರ ಜನವರಿ 1ರಿಂದ ಜಾರಿಗೆ ಬಂದದ್ದು. ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ವಾರ್ಷಿಕ ಬಾಡಿಗೆಯ 100 ಪಟ್ಟು ಪರಿಹಾರ. ಬಾಡಿಗೆ 3,000 ರೂಪಾಯಿಯಾದರೆ ಸಿಗುವುದು ಮೂರು ಲಕ್ಷ. ಈಗಿನ ಚಿನ್ನದ ಬೆಲೆಯಲ್ಲಿ ಒಂದು ದೊಡ್ಡ ಕಾಸಿನ ಸರಕ್ಕೂ ಅದು ಸಾಲದು. ಲಾಕರಿನ ಒಳಗಿನ ವಸ್ತುಗಳಿಗೆ ಬ್ಯಾಂಕು ವಿಮೆ ಮಾರುವಂತೆಯೂ ಇಲ್ಲ. ಪರಿಹಾರವನ್ನು ಬಾಡಿಗೆಗೆ ಕಟ್ಟಿಹಾಕಿರುವುದೇ ಈ ನಿಯಮದ ದೊಡ್ಡ ಕೊರತೆ. ಇಚ್ಛೆಯುಳ್ಳ ಗ್ರಾಹಕರು ಮೌಲ್ಯ ಘೋಷಿಸಿ, ಹೆಚ್ಚಿನ ಶುಲ್ಕ ಕೊಟ್ಟು, ಅಷ್ಟಕ್ಕೆ ಹೊಣೆ ಪಡೆಯುವ ಅವಕಾಶವನ್ನು ಮುಂದಿನ ತಿದ್ದುಪಡಿಯಲ್ಲಿ ಸೇರಿಸಲೇಬೇಕು.