ಬದಲಿ ಪದದ ಹುಡುಕಾಟ: ಸಮಾನಾರ್ಥಕ ಕೋಶದಿಂದ ಭಾಷಾ ಮಾದರಿಗಳವರೆಗೆ

‘ಹೆಚ್ಚು ಅಂಕ ತೆಗೆದಳು’ ಎಂಬಲ್ಲಿ ‘ಗಳಿಸಿದಳು’ ಎಂದು ಬದಲಿಸಿದರೆ ಅರ್ಥ ಕೆಡುವುದಿಲ್ಲ. ‘ಬಾಗಿಲು ತೆಗೆದಳು’ ಎಂಬಲ್ಲಿ ಅದೇ ಬದಲಾವಣೆ ಮಾಡಿದರೆ ವಾಕ್ಯವೇ ಮುರಿದುಬೀಳುತ್ತದೆ. ಅಲ್ಲಿಗೆ ‘ತೆರೆದಳು’ ಬೇಕು. ಭಾಷೆ ಬಲ್ಲವರಿಗೆ ಯೋಚಿಸದೆಯೇ ಹೊಳೆಯುವ ಈ ಭೇದವನ್ನು ಕಂಪ್ಯೂಟರಿಗೆ ಕಲಿಸುವ ಪ್ರಯತ್ನ ದಶಕಗಳಿಂದ ನಡೆದಿದೆ. ಆ ಪ್ರಯತ್ನದ ಹಾದಿಯಲ್ಲಿ ತಂತ್ರಗಳು ಬದಲಾದಂತೆಲ್ಲ ‘ಸರಿಯಾದ ಬದಲಿ ಪದ ಎಂದರೇನು’ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೂ ಬದಲಾಗಿದೆ. ಈ ಎರಡನೆಯ ಬದಲಾವಣೆಯೇ ಹೆಚ್ಚು ಗಮನಾರ್ಹ ಎಂಬುದು ನನ್ನ ಅಭಿಪ್ರಾಯ.

ಮೊದಲ ಉತ್ತರ ಸರಳವಾಗಿತ್ತು: ಪಟ್ಟಿಯಲ್ಲಿ ಜೊತೆಗಿರುವ ಪದಗಳೇ ಬದಲಿ ಪದಗಳು. 1852ರಲ್ಲಿ ಪ್ರಕಟವಾದ ರೋಜೆಯ ಇಂಗ್ಲಿಷ್ ಸಮಾನಾರ್ಥಕ ಕೋಶ ಬರಹಗಾರರಿಗೆ ಇಂಥ ಪಟ್ಟಿ ಒದಗಿಸಿತು. 1985ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಮಿಲ್ಲರ್ ಅವರ ನೇತೃತ್ವದಲ್ಲಿ ಆರಂಭವಾದ, ಪದಗಳನ್ನು ಅರ್ಥಕ್ಕೆ ತಕ್ಕಂತೆ ಗುಂಪುಗೂಡಿಸುವ ವರ್ಡ್‌ನೆಟ್ ಎಂಬ ಕೋಶ ಅದನ್ನು ಯಂತ್ರ ಓದಬಲ್ಲ ರೂಪಕ್ಕೆ ತಂದಿತು. 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಸಂಶೋಧಕರು, ಮಿದುಳಿನ ಆಘಾತದಿಂದ ಭಾಷಾ ಸಾಮರ್ಥ್ಯ ಕುಂದಿದವರಿಗಾಗಿ ಪತ್ರಿಕಾ ಸುದ್ದಿಗಳನ್ನು ಸರಳಗೊಳಿಸಲು ಇದೇ ವರ್ಡ್‌ನೆಟ್‌ನಿಂದ ಸಮಾನಾರ್ಥಕಗಳನ್ನು ತೆಗೆದು, ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪದವನ್ನು ಆರಿಸಿದರು. ಉದ್ದೇಶ ದೊಡ್ಡದಾಗಿತ್ತು. ಆದರೆ ಬಳಕೆಯ ಪದಗಳಿಗೇ ಅರ್ಥಗಳು ಹೆಚ್ಚು. ಸಂದರ್ಭವನ್ನು ನೋಡದೆ ಪದ ಬದಲಿಸಿದರೆ, ನೆರವು ಬೇಕಿದ್ದ ಓದುಗನೇ ದಾರಿ ತಪ್ಪುವ ಅಪಾಯವಿತ್ತು.

ಹಾಗಾದರೆ ಪದದ ಅರ್ಥವನ್ನು ಮೊದಲು ಗುರುತಿಸೋಣ ಎಂದು ಹೊರಟವರಿಗೆ ಇನ್ನೊಂದು ತೊಡಕು ಎದುರಾಯಿತು. ಒಂದು ಪದಕ್ಕೆ ಎಷ್ಟು ಅರ್ಥಗಳಿವೆ ಎಂಬುದರಲ್ಲಿ ನಿಘಂಟುಗಳಿಗೇ ಒಮ್ಮತವಿಲ್ಲ, ವರ್ಡ್‌ನೆಟ್ ಮಾಡುವ ಸೂಕ್ಷ್ಮ ವಿಂಗಡಣೆಯನ್ನು ಮನುಷ್ಯರೂ ಒಂದೇ ರೀತಿ ಅನುಸರಿಸಲಾರರು. ಆದ್ದರಿಂದ ಸಂಶೋಧಕಿ ಡಯಾನಾ ಮೆಕಾರ್ಥಿ 2002ರಲ್ಲಿ, ಅರ್ಥಗಳಿಗೆ ಸಂಖ್ಯೆ ಹಚ್ಚುವುದನ್ನು ಬಿಟ್ಟು ವಾಕ್ಯದಲ್ಲಿ ಆ ಪದದ ಬದಲು ಏನು ಬಳಸಬಹುದು ಎಂದೇ ಕೇಳೋಣ ಎಂಬ ಸಲಹೆ ಮುಂದಿಟ್ಟರು. ಅವರು ರೊಬೆರ್ಟೊ ನವಿಲ್ಯಿ ಜೊತೆಗೂಡಿ ಅರ್ಥವನ್ನು ಗುರುತಿಸುವ ಕಂಪ್ಯೂಟರ್ ವ್ಯವಸ್ಥೆಗಳನ್ನು ಪರೀಕ್ಷಿಸುವ 2007ರ ಸೆಮ್‌ಇವ್ಯಾಲ್ ಸ್ಪರ್ಧೆಗಾಗಿ 201 ಇಂಗ್ಲಿಷ್ ಪದಗಳಿಗೆ ತಲಾ 10ರಂತೆ 2,010 ವಾಕ್ಯಗಳನ್ನು ಸಿದ್ಧಪಡಿಸಿ, ಇಂಗ್ಲಿಷ್ ಮಾತೃಭಾಷೆಯ ಐವರಿಂದ ಬದಲಿ ಪದಗಳನ್ನು ಬರೆಸಿದರು. ಆ ಐವರ ಉತ್ತರಗಳೂ ಬಹುಪಾಲು ಬೇರೆಬೇರೆಯಾಗಿಯೇ ಇದ್ದವು. ಇದನ್ನು ಪ್ರಯೋಗದ ಲೋಪವೆಂದು ಎಣಿಸಬಾರದು. ಒಂದು ಜಾಗಕ್ಕೆ ಹಲವು ಪದಗಳು ಸಲ್ಲುವುದು ಭಾಷೆಯ ಸಹಜ ಸ್ಥಿತಿ, ಮತ್ತು ಯಾರಿಗೂ ಆ ಕ್ಷಣಕ್ಕೆ ಎಲ್ಲ ಪದಗಳೂ ನೆನಪಾಗುವುದಿಲ್ಲ.

ಸಂದರ್ಭದಿಂದ ಪದವನ್ನು ಊಹಿಸುವ ವಿಚಾರ ಇದಕ್ಕಿಂತ ಹಳೆಯದು. 1953ರಲ್ಲಿ ವಿಲ್ಸನ್ ಟೇಲರ್, ಬರಹದ ನಡುನಡುವೆ ಪದಗಳನ್ನು ಅಳಿಸಿ ಓದುಗರಿಂದ ತುಂಬಿಸುವ ಪರೀಕ್ಷೆಯನ್ನು ರೂಪಿಸಿದ್ದರು. ಪದದ ಪರಿಚಯ ಅದರ ಸಹವಾಸದಿಂದ ಆಗುತ್ತದೆ ಎಂಬ ಭಾಷಾವಿಜ್ಞಾನಿ ಜೆ.ಆರ್. ಫರ್ತ್ ಅವರ ಮಾತು 1957ರದು. 2007ರ ಸ್ಪರ್ಧೆಯಲ್ಲಿ ಗೂಗಲ್ ಸಂಸ್ಥೆ ಅಂತರ್ಜಾಲದಿಂದ ಸಂಗ್ರಹಿಸಿದ್ದ, ಐದು ಪದಗಳವರೆಗಿನ ಸರಣಿಗಳ ಎಣಿಕೆಯನ್ನು ಬಳಸಿದವರಿದ್ದರು. 2013ರ ವರ್ಡ್‌ಟುವೆಕ್ ಎಂಬ ವಿಧಾನ ಪ್ರತಿ ಪದವನ್ನೂ ಒಂದು ಸಂಖ್ಯಾಸರಣಿಯಾಗಿಸಿ, ಒಂದೇ ಬಗೆಯ ಸಂದರ್ಭಗಳಲ್ಲಿ ಬರುವ ಪದಗಳನ್ನು ಪರಸ್ಪರ ಹತ್ತಿರಕ್ಕೆ ತಂದಿತು. ಆದರೆ ‘ಬೆಲೆ ಏರಿತು’, ‘ಬೆಲೆ ಇಳಿಯಿತು’ ಎಂಬ ಎರಡೂ ಒಂದೇ ಬಗೆಯ ಸಂದರ್ಭದಲ್ಲಿ ಬರುತ್ತವಷ್ಟೆ. ಸಹವಾಸವನ್ನು ಮಾತ್ರ ನೋಡುವ ವಿಧಾನಕ್ಕೆ ವಿರುದ್ಧಾರ್ಥಕವೂ ನೆಂಟನಂತೆಯೇ ಕಾಣುತ್ತದೆ.

2018ರ ಅಕ್ಟೋಬರಿನಲ್ಲಿ ಬಂದ ಬರ್ಟ್ ಒಂದು ಭಾಷಾ ಮಾದರಿ, ಅಂದರೆ ಅಪಾರ ಪಠ್ಯವನ್ನು ನೋಡಿ ಪದಗಳನ್ನು ಊಹಿಸಲು ಕಲಿಯುವ ತಂತ್ರಾಂಶ. ಅದು ಪಠ್ಯದ ಶೇ 15ರಷ್ಟು ತುಣುಕುಗಳನ್ನು ಆರಿಸಿ, ಅವುಗಳಲ್ಲಿ ಹೆಚ್ಚಿನವನ್ನು ಮರೆಮಾಡಿ, ಎಡಬಲಗಳೆರಡನ್ನೂ ನೋಡಿ ಊಹಿಸುತ್ತ ಕಲಿತದ್ದು. ಬದಲಿ ಪದ ಹುಡುಕಲೆಂದೇ ಹುಟ್ಟಿದಂತೆ ಕಂಡ ಈ ಮಾದರಿಯಲ್ಲಿಯೂ ಹಳೆಯ ಸಮಸ್ಯೆ ಮುಂದುವರಿಯಿತು. ಪದವನ್ನು ಪೂರ್ತಿ ಮುಚ್ಚಿದರೆ ಮಾದರಿ ಆ ಜಾಗಕ್ಕೆ ಹೊಂದುವ ಯಾವುದನ್ನಾದರೂ ಹೇಳುತ್ತದೆ, ಮುಚ್ಚದಿದ್ದರೆ ಮೂಲ ಪದವನ್ನೇ ಮರಳಿಸುತ್ತದೆ. 2019ರಲ್ಲಿ ಒಂದು ಸಂಶೋಧನಾ ತಂಡ ಇವೆರಡರ ನಡುವಿನ ದಾರಿ ಹಿಡಿಯಿತು: ಪದದ ಸಂಖ್ಯಾಸರಣಿಯ ಒಂದು ಭಾಗವನ್ನಷ್ಟೇ ಅಳಿಸಿ ಅರ್ಥವನ್ನು ಮಸುಕಾಗಿ ಉಳಿಸಿಕೊಂಡಿತು. ಬಳಿಕ ಸೂಚಿತವಾದ ಪ್ರತಿ ಪದವನ್ನೂ ವಾಕ್ಯದಲ್ಲಿಟ್ಟು, ಇಡೀ ವಾಕ್ಯಕ್ಕೆ ಮಾದರಿ ತನ್ನೊಳಗೆ ಕೊಡುವ ಸಂಖ್ಯಾರೂಪ ಎಷ್ಟು ಕದಲಿತು ಎಂದು ಅಳೆಯಿತು. ಜಾಗಕ್ಕೆ ಹೊಂದುವುದು ಬೇರೆ, ಅರ್ಥವನ್ನು ಉಳಿಸುವುದು ಬೇರೆ ಎಂಬುದನ್ನು ಈ ವಿಧಾನ ಸ್ಪಷ್ಟವಾಗಿ ಒಪ್ಪಿಕೊಂಡಿತು. ಅದರ ನಿಜವಾದ ಕೊಡುಗೆ ಇಲ್ಲಿದೆ.

ಉತ್ತರಗಳನ್ನು ಅಳೆಯುವ ಬಗೆಯಲ್ಲಿ ತಿದ್ದುಪಡಿ ಬಂದದ್ದು 2021ರಲ್ಲಿ. ಸ್ಟ್ಯಾನ್‌ಫರ್ಡ್ ಸಂಶೋಧಕರು ಪದಗಳನ್ನು ಜನರ ನೆನಪಿನಿಂದ ಬರೆಸುವುದಕ್ಕೆ ಬದಲಾಗಿ, ಸಮಾನಾರ್ಥಕ ಕೋಶದಿಂದ ಆಯ್ದ ಪದಗಳನ್ನು ಅವರ ಮುಂದಿಟ್ಟು ‘ಇದು ಇಲ್ಲಿ ಸಲ್ಲುತ್ತದೆಯೇ’ ಎಂದು ಕೇಳಿದರು. ಹಿಂದಿನ ದತ್ತಾಂಶಗಳಲ್ಲಿ ಬಿಟ್ಟುಹೋಗಿದ್ದ ಎಷ್ಟೋ ಒಳ್ಳೆಯ ಪದಗಳು ಹೀಗೆ ಲೆಕ್ಕಕ್ಕೆ ಬಂದವು.

ಇಷ್ಟೂ ಕೆಲಸ ಮುಖ್ಯವಾಗಿ ಇಂಗ್ಲಿಷನ್ನು ಕುರಿತದ್ದು. ಕನ್ನಡದಂಥ ಭಾಷೆಯಲ್ಲಿ ಪದದ ಜೊತೆ ಅದರ ಪ್ರತ್ಯಯವೂ ಬದಲಾಗುತ್ತದೆ: ‘ಪುಸ್ತಕವನ್ನು’ ಎಂಬುದು ‘ಹೊತ್ತಗೆಯನ್ನು’ ಆಗಬೇಕು. ‘ಮಗು ಅತ್ತಿತು’ ಎಂಬಲ್ಲಿ ‘ಹುಡುಗ’ ಬಂದರೆ ಕ್ರಿಯಾಪದವೂ ‘ಅತ್ತನು’ ಆಗಬೇಕು. ಮಾದರಿಗಳು ಇಂಥ ಉದ್ದ ಪದಗಳನ್ನು ಹಲವು ತುಣುಕುಗಳಾಗಿ ಒಡೆದು ಓದುವುದರಿಂದ, ಒಂದು ತುಣುಕನ್ನು ಮುಚ್ಚಿ ಕೇಳಿದರೆ ಇಡೀ ಪದ ಸಿಗುವುದಿಲ್ಲ. ಕನ್ನಡವನ್ನು ಒಳಗೊಂಡ ಬಹುಭಾಷಾ ಬರ್ಟ್, ಭಾರತೀಯ ಭಾಷೆಗಳಿಗಾಗಿ ರೂಪಿಸಿದ 2021ರ ಮ್ಯುರಿಲ್ ಮುಂತಾದ ಮಾದರಿಗಳನ್ನು ಈ ಕೆಲಸಕ್ಕೆ ಹಚ್ಚುವವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ. ಜೊತೆಗೆ ಯಾವ ಪದ ಎಲ್ಲಿ ಸಲ್ಲುತ್ತದೆ ಎಂದು ಕನ್ನಡಿಗರೇ ವಾಕ್ಯ ವಾಕ್ಯವಾಗಿ ತೂಗಿ ನೋಡಿದ ದತ್ತಾಂಶವೂ ಅವರ ಕೈಯಲ್ಲಿರಬೇಕು.